ಫಾರಂನಲ್ಲಿ 'ಸರ್‌ನೇಮ್' ಅಂತ ಕೇಳ್ತಾರೆ, ಕೊಡಗಿನವರು ಏನ್ ಬರೀಬೇಕು? ಮನೆ ಹೆಸರಿನ ಕಥೆ ಸ್ವಲ್ಪ ಬಿಡಿಸಿ ನೋಡೋಣ

ಗೋಣಿಕೊಪ್ಪದಲ್ಲಿ ನಂದೊಂದು ಆನ್‌ಲೈನ್ ಅರ್ಜಿ ತುಂಬಿಸಿ ಕೊಡೋ ಅಂಗಡಿ ಇದೆ, ಎರಡು ಕಂಪ್ಯೂಟರು, ಒಂದು ಜೆರಾಕ್ಸು, ಮಳೆಗಾಲದಲ್ಲಿ ಕರೆಂಟ್ ಇದ್ರೆ ಕೆಲಸ ಇಲ್ಲಾಂದ್ರೆ ಕಾಫಿ. ನಾನು ಶನಿವಾರಸಂತೆ ಕಡೆಯವನು, ಕೊಡಗಿನವನೇ, ಆದ್ರೆ ನಮ್ಮ ಕಡೆ ಮನೆಮಾತು ಕನ್ನಡ, ಹಾಗಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಈ ಮನೆ ಹೆಸರುಗಳನ್ನ ಟೈಪ್ ಮಾಡೋಕೇ ಒದ್ದಾಡಿಬಿಟ್ಟಿದ್ದೆ.

ಹೋದ ಮಳೆಗಾಲದಲ್ಲಿ ಒಬ್ಬರು ರಿಟೈರ್ಡ್ ಹವಾಲ್ದಾರ್ ಮೊಮ್ಮಗಳನ್ನ ಕರ್ಕೊಂಡು ಬಂದ್ರು, ಹುಡುಗಿಗೆ ಪಾಸ್‌ಪೋರ್ಟ್ ಆಗ್ಬೇಕಿತ್ತು. ಕೊಡೆ ಮಡಚಿ ಬಾಗಿಲ ಹತ್ರ ಇಟ್ಟು, ಪ್ಲಾಸ್ಟಿಕ್ ಕವರಿಂದ ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲಾ ತೆಗೆದು ಸಾಲಾಗಿ ಜೋಡಿಸಿದ್ರು. "ಸರ್‌ನೇಮ್ ಏನ್ ಹಾಕ್ಲಿ ಸರ್?" ಅಂದೆ. "ಮನೆ ಹೆಸರು ಹಾಕಿ, ಮತ್ತೇನು" ಅಂದ್ರು. ಹುಡುಗಿ ತಕ್ಷಣ "ಇಲ್ಲಜ್ಜ, ಕಾಲೇಜಲ್ಲಿ ಪಪ್ಪನ ಹೆಸರೇ ನನ್ ಸರ್‌ನೇಮ್ ಅಂತ ಇದೆ" ಅಂದ್ಲು. ಮಾರ್ಕ್ಸ್ ಕಾರ್ಡಲ್ಲಿ ನೋಡಿದ್ರೆ ಮನೆ ಹೆಸರು ಬರೀ ಒಂದು ಇನಿಶಿಯಲ್, ಆಧಾರಲ್ಲಿ ಆ ಇನಿಶಿಯಲ್ಲೂ ಇಲ್ಲ. ಒಂದೇ ಹುಡುಗಿ, ಎರಡು ಕಾಗದ, ಎರಡು ಹೆಸರು. ಇಂಥದ್ದು ತಿಂಗಳಿಗೆ ಹತ್ತಾದ್ರೂ ಬರುತ್ತೆ ನನ್ ಹತ್ರ. ಬೆಂಗಳೂರಲ್ಲಿ ಬೆಳೆದ ಮಕ್ಕಳಿಗಂತೂ ಮನೆ ಹೆಸರು ಇದೆ ಅಂತ ಗೊತ್ತು, ಅದು ಏನು ಎತ್ತ ಅಂತ ಗೊತ್ತಿರಲ್ಲ. ಅದಕ್ಕೇ ಇದನ್ನ ಮೊದಲಿಂದ ಬರೀತಿದೀನಿ.

ಒಕ್ಕ ಅಂದ್ರೆ ಏನು

ಕೊಡವರಲ್ಲಿ 'ಒಕ್ಕ' ಅಂದ್ರೆ ಒಬ್ಬ ಮೂಲಪುರುಷನಿಂದ ಗಂಡು ಸಂತಾನದ ಕಡೆಯಿಂದ ಇಳಿದು ಬಂದಿರೋ ಎಲ್ಲರೂ. ನಾವು ಕನ್ನಡದಲ್ಲಿ ಕುಟುಂಬ ಅಂದಾಗ ಅಪ್ಪ ಅಮ್ಮ ಎರಡು ಮಕ್ಕಳು ಅಂತ ನೆನಪಾಗುತ್ತಲ್ಲ, ಅದಲ್ಲ ಇದು. ಒಂದು ಒಕ್ಕದಲ್ಲಿ ನೂರಾರು ಜನ ಇರಬಹುದು, ಅರ್ಧ ಜನ ದುಬೈ, ಮೈಸೂರು, ಕೆನಡಾ ಅಂತ ಇದ್ರೂ ಒಕ್ಕ ಒಂದೇ. ಕನ್ನಡದ 'ಒಕ್ಕಲು' ಇದೆಯಲ್ಲ, ಒಕ್ಕಲಾಗು, ಒಕ್ಕಲೆಬ್ಬಿಸು ಅಂತೀವಲ್ಲ, ಅದೇ ಬೇರಿನ ಮಾತು ಇದು, ನೆಲೆ ನಿಂತ ಮನೆ ಅನ್ನೋ ಅರ್ಥ ಎರಡರಲ್ಲೂ ಇದೆ.

ಒಕ್ಕಕ್ಕೆ ಒಂದು ಮೂಲ ಮನೆ ಇರುತ್ತೆ, ಅದು ಐನ್‌ಮನೆ. ಹೆಚ್ಚಾಗಿ ಗದ್ದೆ ಬದಿಯಲ್ಲಿ, ಸ್ವಲ್ಪ ಎತ್ತರದಲ್ಲಿ, ಮುಂದೆ ಕೆತ್ತನೆ ಕಂಬಗಳು, ಕಂಬದ ನಡುವೆ ಕೂರೋಕೆ ದಪ್ಪ ಹಲಗೆ, ಅದಕ್ಕೆ ಐಮರ ಅಂತಾರೆ. ಒಳಗೆ ನೆಲ್ಲಕ್ಕಿ ಅನ್ನೋ ನಡುಮನೆ, ಅಲ್ಲಿ ತೂಗುದೀಪ. ಹತ್ತಿರದಲ್ಲೇ ಕೈಮಡ, ಅಂದ್ರೆ ಮೂಲಪುರುಷನ ಗುಡಿ. ಆ ಮೂಲಪುರುಷನಿಗೆ ಕಾರಣ ಅಂತ ಹೆಸರು, ವರ್ಷಕ್ಕೊಮ್ಮೆ ಒಕ್ಕದವರು ಸೇರಿ ಅವನಿಗೆ ಎಡೆ ಇಡ್ತಾರೆ. (ಕನ್ನಡದಲ್ಲಿ 'ಕಾರಣ' ಅಂದ್ರೆ ಬೇರೆ ಅರ್ಥ, ಹಾಗಾಗಿ ಮೊದಲ ಸಲ ಕೇಳಿದಾಗ "ಕಾರಣಕ್ಕೆ ಕೊಡೋದು" ಅಂದ್ರೆ ಏನಪ್ಪಾ ಕಾರಣ ಅಂತ ನಾನೂ ಕೇಳಿ ನಗೆಪಾಟಲಾಗಿದ್ದೆ.) ಮನೆಯ ಹಿರಿಯ ಗಂಡಸು ಪಟ್ಟೆದಾರ. ಹೊಸ ಭತ್ತದ ಹಬ್ಬ ಹುತ್ತರಿ ಬಂತು ಅಂದ್ರೆ ಎಲ್ಲೆಲ್ಲಿದ್ದವರೂ ಐನ್‌ಮನೆಗೆ ಬಂದು, ಅಲ್ಲಿಂದ ಒಟ್ಟಿಗೆ ಗದ್ದೆಗೆ ಇಳಿದು "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ಕೊಯ್ತಾರೆ.

ಈಗ ಮನೆ ಹೆಸರು ಅಂದ್ರೆ ಈ ಇಡೀ ಒಕ್ಕದ ಹೆಸರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಕೊಡವರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲೂ ಒಕ್ಕದ ವಿಷಯಕ್ಕೆ ದೊಡ್ಡ ಜಾಗ ಕೊಟ್ಟಿದ್ದಾರೆ, ಯಾಕಂದ್ರೆ ಪೂಜೆ, ಜಮೀನು, ಮದುವೆ, ಸಾವು ಯಾವುದನ್ನ ಮುಟ್ಟಿದ್ರೂ ಸುತ್ತಿಬಳಸಿ ಒಕ್ಕಕ್ಕೇ ಬಂದು ನಿಲ್ಲುತ್ತೆ.

ಮುಂದೆ ಮನೆ, ಹಿಂದೆ ಮನುಷ್ಯ

ಇಂಗ್ಲಿಷ್‌ನವರ ಹೆಸರಲ್ಲಿ ಮನೆತನ ಕೊನೆಗೆ ಬರುತ್ತೆ. ಕೊಡವರಲ್ಲಿ ಮೊದಲು ಬರುತ್ತೆ. ನಾವು ಯಾರನ್ನಾದ್ರೂ ಪರಿಚಯ ಮಾಡೋವಾಗ "ಶಾನುಭೋಗರ ಮನೆ ನಾಗರಾಜ", "ಮೇಲಿನ್ಮನೆ ರಮೇಶ" ಅಂತೀವಲ್ಲ, ನಾಗರಾಜ ಶಾನುಭೋಗರ ಮನೆ ಅಂತ ಯಾರೂ ಅನ್ನಲ್ಲ, ಅಷ್ಟೇ ಲೆಕ್ಕ. ಮೊದಲು ಎಲ್ಲಿಯವನು, ಆಮೇಲೆ ಯಾರ ಮಗ, ಕೊನೆಗೆ ಅವನು ಯಾರು.

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂದ್ರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಒಕ್ಕ, ಮಾದಪ್ಪ ತಂದೆ, ಕಾರ್ಯಪ್ಪ ಅವರು. 1949ರ ಜನವರಿ 15ಕ್ಕೆ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ ಆದವರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಕೆ.ಎಸ್., ಆ 'ಕೆ' ಕೂಡ ಕೊಡಂದೇರ. ಒಂದೇ ಒಕ್ಕದಿಂದ ಇಬ್ಬರು ಸೇನಾ ಮುಖ್ಯಸ್ಥರು ಬಂದಿದ್ದಾರೆ ಅನ್ನೋದು ಇನಿಶಿಯಲ್ ಬಿಡಿಸಿದ್ರೆ ಮಾತ್ರ ಗೊತ್ತಾಗೋದು. ಮಡಿಕೇರಿಯಲ್ಲಿ ದಿನಾ ಇಬ್ಬರ ಪ್ರತಿಮೆ ದಾಟಿ ಹೋಗೋ ಜನಕ್ಕೂ ಎಷ್ಟೋ ಸಲ ಇದು ಹೊಳೆದಿರಲ್ಲ. ಹಾಗೇ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ, ಚೋನಿರ ಬೆಳ್ಳಿಯಪ್ಪ ಮುತ್ತಮ್ಮ.

ಈಗಿನ ಕಾಲಕ್ಕೆ ಬಂದ್ರೆ ಗಲಿಬಿಲಿ ಶುರು. ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಸ್ಕೋರ್‌ಬೋರ್ಡ್ ಮೇಲೆ ಇದ್ದಿದ್ದು ಬೋಪಣ್ಣ ಅಂತ. ಅದು ಅವರ ಮನೆತನ ಅಲ್ಲ ಸ್ವಾಮಿ, ತಂದೆ ಹೆಸರು! ಮನೆ ಹೆಸರು ಮಚ್ಚಂಡ. ಬ್ಯಾಡ್ಮಿಂಟನ್‌ನ ಅಶ್ವಿನಿ ಪೊನ್ನಪ್ಪ ಕೂಡ ಅಷ್ಟೇ, ಪೊನ್ನಪ್ಪ ತಂದೆ, ಮನೆ ಮಾಚಿಮಂಡ. ಇಲ್ಲಿ ಇನ್ನೊಂದು ಗಮನಿಸಿ, ಮಚ್ಚಂಡ ಬೇರೆ ಮಾಚಿಮಂಡ ಬೇರೆ, ಆದ್ರೆ ಇನಿಶಿಯಲ್ ಮಾಡಿದ್ರೆ ಎರಡೂ ಬರೀ 'ಎಂ'. ಒಂದಕ್ಷರಕ್ಕೆ ಇಳಿಸಿದಾಗ ಕಳೆದುಹೋಗೋದು ಇದೇ.

ಹೊರಗಿನವರು ಬೋಪಣ್ಣ, ಉತ್ತಪ್ಪ, ಪೊನ್ನಪ್ಪ, ಕಾರ್ಯಪ್ಪ ಇವೆಲ್ಲಾ ಕೊಡವರ ಸರ್‌ನೇಮ್ ಅಂದ್ಕೊಂಡಿದ್ದಾರೆ. ಇವು ಇಟ್ಟ ಹೆಸರುಗಳು. ಕೊಡವ ಭಾಷೆಯಲ್ಲಿ ಪೊನ್ನು ಅಂದ್ರೆ ಚಿನ್ನ, ಪೂ ಅಂದ್ರೆ ಹೂವು, ಬೊಳ್ಳಿ ಅಂದ್ರೆ ಬೆಳ್ಳಿ, ಮುತ್ತು ಮುತ್ತೇ. ಅದಕ್ಕೆ ಅಪ್ಪ, ಅಯ್ಯ, ಅಣ್ಣ ಸೇರಿದ್ರೆ ಪೊನ್ನಪ್ಪ, ಪೂವಯ್ಯ, ಬೆಳ್ಳಿಯಪ್ಪ, ಮುತ್ತಣ್ಣ. ಅಮ್ಮ ಸೇರಿದ್ರೆ ಪೊನ್ನಮ್ಮ, ಬೊಳ್ಳಮ್ಮ, ಮುತ್ತಮ್ಮ. ಹಳೇ ಹೆಸರುಗಳ ಗಂಟು ಚಿಕ್ಕದು, ಅಜ್ಜನ ಹೆಸರನ್ನ ಮೊಮ್ಮಗನಿಗೆ ಇಡೋದು ಬೇರೆ, ಹಾಗಾಗಿ ಒಂದೇ ಊರಲ್ಲಿ ನಾಲ್ಕು ಪೊನ್ನಪ್ಪ ಇರ್ತಾರೆ. ನನ್ ಮೊಬೈಲಲ್ಲೇ ಏಳು ಜನ ಪೊನ್ನಪ್ಪ ಇದ್ದಾರೆ, ಮನೆ ಹೆಸರು ಸೇರಿಸಿ ಸೇವ್ ಮಾಡಿಲ್ಲ ಅಂದ್ರೆ ಯಾರಿಗೆ ಫೋನ್ ಹೋಗುತ್ತೋ ದೇವರೇ ಬಲ್ಲ. ಕೊಡಗಲ್ಲಿ ಇಬ್ಬರು ಹೊಸಬರು ಸಿಕ್ಕಿದ್ರೆ ಹೆಸರಿಗಿಂತ ಮೊದಲು ಯಾವ ಒಕ್ಕ ಅಂತ ಕೇಳೋದು ಇದಕ್ಕೂ ಹೌದು.

ಅಂಡ, ಇರ, ಏರ

ಮನೆ ಹೆಸರುಗಳನ್ನ ಸಾಲಾಗಿ ಓದಿದ್ರೆ ಬಾಲ ಒಂದೇ ಥರ ಕಾಣುತ್ತೆ. ಪಾಂಡಂಡ, ಮುದ್ದಂಡ, ಮಚ್ಚಂಡ, ಕುಂಡ್ಯೋಳಂಡ ಇವು 'ಅಂಡ'ದಲ್ಲಿ ಮುಗಿಯುತ್ತೆ. ಚೋನಿರ, ಕುಲ್ಲೇಟಿರ ಇವು 'ಇರ'. ಕೊಡಂದೇರ, ಮೊಳ್ಳೇರ ಇವು 'ಏರ'. (ಹಾಕಿ ಆಟಗಾರ ಎಂ.ಪಿ. ಗಣೇಶ್ ಅವರು ಮೊಳ್ಳೇರ.)

ಬಾಲದ ಅರ್ಥ ತಿಳ್ಕೊಳ್ಳೋಕೆ ಕೊಡವ ಭಾಷೆ ಪೂರ್ತಿ ಕಲೀಬೇಕಿಲ್ಲ. ಕನ್ನಡದಲ್ಲಿ 'ಅವನ' ಅನ್ನೋದಕ್ಕೆ ಅಲ್ಲಿ 'ಅವಂಡ' ಅಂತಾರೆ. ಅಂದ್ರೆ ನಮ್ಮ ಷಷ್ಠಿ ವಿಭಕ್ತಿ, ರಾಮನ ಮನೆ, ಭೀಮನ ಗದೆ ಅಂತ ಶಾಲೇಲಿ ಉರು ಹೊಡೆದದ್ದು, ಅದೇ ಇದು. ಹೆಸರಿನ ಮುಂದಿನ ಭಾಗ ಹೆಚ್ಚಾಗಿ ಮೂಲಪುರುಷನದ್ದು, ಬಾಲ 'ಇವನ ಮನೆಯವರು' ಅನ್ನೋದನ್ನ ಹೇಳುತ್ತೆ. 'ಇರ', 'ಏರ' ಕೂಡ ಇದೇ ಕೆಲಸ ಮಾಡೋದು, ಕನ್ನಡದ 'ಗೌಡರ ಮನೆ'ಯಲ್ಲಿರೋ 'ರ' ನೆನಪಿಸ್ಕೊಳ್ಳಿ. 'ಮನೆ' ಅನ್ನೋ ಪದ ಬಿದ್ದುಹೋಗಿ ಬರೀ 'ಇಂಥವನ' ಅನ್ನೋದೇ ಉಳಿದಿದೆ. ಎಷ್ಟು ತಲೆಮಾರು ದಾಟಿದ್ರೂ ಆ ಒಬ್ಬ ಅಜ್ಜನ ಹೆಸರು ಮೊಮ್ಮಕ್ಕಳ ಮರಿಮಕ್ಕಳ ಆಧಾರ್ ಕಾರ್ಡ್ ತನಕ ಬಂದಿದೆ.

ಎಲ್ಲಾ ಹೆಸರಿಗೂ ಅರ್ಥ ಬಿಡಿಸೋಕೆ ಹೋಗಬೇಡಿ ಅಂತ ನನ್ ಸಲಹೆ. ವಾಟ್ಸಾಪಲ್ಲಿ ಒಂದೊಂದು ಮನೆ ಹೆಸರಿಗೂ ಸಂಸ್ಕೃತದ ಮೂಲ, ಪುರಾಣದ ಕಥೆ ಎಲ್ಲಾ ಅಂಟಿಸಿ ಕಳಿಸ್ತಿರ್ತಾರೆ. ಬಾಲ ಒಂದು ಬಿಟ್ಟು ಉಳಿದದ್ದಕ್ಕೆ ಆಯಾ ಒಕ್ಕದ ಹಿರಿಯರು ಹೇಳೋ ಕಥೆಯೇ ಆಧಾರ, ಅದನ್ನ ಅವರ ಬಾಯಲ್ಲೇ ಕೇಳ್ಬೇಕು.

ಜಮೀನು ಮತ್ತು ಹೆಸರು

ಬೇರೆ ಕಡೆ ಮನೆತನದ ಹೆಸರು ಮರೆತ್ರೆ ಏನೂ ಆಗಲ್ಲ. ಕೊಡಗಲ್ಲಿ ಅದು ಅಳಿಸಿಹೋಗದೆ ನಿಂತಿರೋದಕ್ಕೆ ಒಂದು ಗಟ್ಟಿ ಕಾರಣ ಜಮ್ಮಾ ಭೂಮಿ. ಹಾಲೇರಿ ಅರಸರ ಕಾಲದಲ್ಲಿ, ಅಂದ್ರೆ 1834ರಲ್ಲಿ ಬ್ರಿಟಿಷರು ಕೊಡಗನ್ನ ತಗೊಳ್ಳೋ ಮೊದಲು, ರಾಜನಿಗೆ ಸೇವೆ ಮಾಡ್ಬೇಕು ಅನ್ನೋ ಷರತ್ತಿನ ಮೇಲೆ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಜಮೀನು ಅದು. ಅದು ಇರ್ತಿದ್ದದ್ದು ಒಕ್ಕಕ್ಕೆ, ದಾಖಲೆಯಲ್ಲಿ ಪಟ್ಟೆದಾರನ ಹೆಸರು. ಒಬ್ಬೊಬ್ಬರದ್ದಲ್ಲ.

ಬ್ರಿಟಿಷರೂ ಅದನ್ನ ಹಾಗೇ ಮುಂದುವರಿಸಿದ್ರು. ಇವತ್ತಿಗೂ ಪಹಣಿ ತೆಗೆದ್ರೆ ಕೆಲವದ್ರಲ್ಲಿ ಯಾವತ್ತೋ ತೀರಿಹೋದ ಪಟ್ಟೆದಾರರ ಹೆಸರೇ ಮುಂದಿರುತ್ತೆ, ಹಿಂದೆ ಹಕ್ಕುದಾರರ ಉದ್ದ ಪಟ್ಟಿ. ಬ್ಯಾಂಕಲ್ಲಿ ಸಾಲ ಕೇಳೋಕೆ ಹೋದವರು ಪಹಣಿ ಪ್ರಿಂಟ್ ಕೈಯಲ್ಲಿ ಹಿಡ್ಕೊಂಡು ನನ್ ಅಂಗಡಿಗೆ ವಾಪಸ್ ಬಂದು "ಇದ್ರಲ್ಲಿ ನಾನು ಎಲ್ಲಿದ್ದೀನಿ ನೋಡಪ್ಪ" ಅಂತಾರೆ. ಅಂಥ ಹೊತ್ತಲ್ಲಿ ಮನೆ ಹೆಸರು ಪೂರ್ತಿ ಬರೆದಿರೋ ದಾಖಲೆ ಒಂದಿದ್ರೆ ಕೆಲಸ ಹಗುರ. ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರೋದೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಲ್ಲೂ ನೀವು ಯಾರ ಮನೆಯವರು ಅನ್ನೋದು ಕಾಗದದಲ್ಲಿ ಬೇಕೇ ಬೇಕು.

ಮದುವೆ ಆದ್ಮೇಲೆ

ಒಂದೇ ಒಕ್ಕದವರು ಅಣ್ಣತಂಗಿ ಲೆಕ್ಕ, ಮದುವೆ ಇಲ್ಲ. ಹುಡುಗ ಹುಡುಗಿ ಎಲ್ಲೋ ಪುಣೆಯಲ್ಲಿ ಪರಿಚಯ ಆದ್ರೂ ಮನೆಯವರು ಮೊದಲು ನೋಡೋದು ಇದನ್ನೇ.

ಕೊಡವ ಮದುವೆಯಲ್ಲಿ ಪುರೋಹಿತರು ಮಂತ್ರ ಹೇಳೋ ಪದ್ಧತಿ ಇಲ್ಲ, ಹಿರಿಯರೇ ನಡೆಸೋದು. ಅದರಲ್ಲಿ ಸಂಬಂಧ ಕೊಡೋದು ಅಂತ ಒಂದು ಭಾಗ ಇದೆ. ಎರಡೂ ಕಡೆಯ ಅರುವರು, ಅಂದ್ರೆ ಮನೆಯ ಪರವಾಗಿ ಮಾತಾಡೋ ಹಿರಿಯರು, ಎದುರುಬದುರು ನಿಂತು ಪ್ರಶ್ನೆ ಉತ್ತರದ ಥರ ಮಾತಾಡಿ, ಚಿಕ್ಕ ಕಲ್ಲುಗಳನ್ನ ಕೈಗೆ ಕೊಟ್ಟು, ಹುಡುಗಿಯ ಹಕ್ಕನ್ನ ಹುಟ್ಟಿದ ಒಕ್ಕದಿಂದ ಗಂಡನ ಒಕ್ಕಕ್ಕೆ ದಾಟಿಸ್ತಾರೆ. ಟಿಸಿ ತಗೊಂಡು ಇನ್ನೊಂದು ಶಾಲೆಗೆ ಸೇರಿದ ಹಾಗೆ ಅಂತ ನಾನು ತಮಾಷೆ ಮಾಡ್ತಿದ್ದೆ, ಒಂದು ಮದುವೇಲಿ ಹತ್ತಿರ ನಿಂತು ನೋಡಿದ ಮೇಲೆ ತಮಾಷೆ ಬಿಟ್ಟೆ, ಹುಡುಗಿಯ ತಾಯಿ ಮುಖ ನೋಡೋಕೆ ಆಗ್ತಿರಲಿಲ್ಲ. ಅಲ್ಲಿಂದ ಮುಂದೆ ಅವಳ ಹೆಸರ ಮುಂದೆ ಗಂಡನ ಮನೆ ಹೆಸರು.

ಇದಕ್ಕೆ ಹೊರತಾಗಿ ಎರಡು ದಾರಿ ಇದೆ. ಗಂಡು ಮಕ್ಕಳಿಲ್ಲದೆ ಒಕ್ಕ ನಿಂತುಹೋಗೋ ಹಾಗಿದ್ರೆ 'ಒಕ್ಕ ಪರಿಜೆ' ಅಂತ ಮದುವೆ ಮಾಡಿ ಅಳಿಯನನ್ನೇ ಹೆಣ್ಣಿನ ಒಕ್ಕಕ್ಕೆ ಸೇರಿಸ್ಕೊಳ್ತಾರೆ, ಅವನ ಮನೆ ಹೆಸರೇ ಬದಲಾಗುತ್ತೆ. 'ಮಕ್ಕ ಪರಿಜೆ'ಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳೀತಾನೆ, ಹುಟ್ಟೋ ಮಕ್ಕಳು ತಾಯಿಯ ಒಕ್ಕಕ್ಕೆ. ಅಪ್ಪನದ್ದೊಂದು ಮಗನದ್ದೊಂದು ಮನೆ ಹೆಸರು ಕಂಡ್ರೆ ತಪ್ಪು ಟೈಪಾಗಿದೆ ಅಂತ ತಕ್ಷಣ ತಿದ್ದೋಕೆ ಹೋಗಬಾರದು ಅನ್ನೋದು ನಾನು ಕಲಿತ ಪಾಠ.

ಕೊಡವರಿಗೆ ಮಾತ್ರ ಅಲ್ಲ

ಕೊಡವ ಭಾಷೆ ಆಡೋ ಬೇರೆ ಸಮುದಾಯಗಳಲ್ಲೂ, ಅಮ್ಮಕೊಡವರು, ಹೆಗ್ಗಡೆ, ಐರಿ ಇವರಲ್ಲೂ ಮನೆ ಹೆಸರುಗಳಿವೆ. ಕೊಡವ ಮಾಪಿಳ್ಳೆ ಮುಸ್ಲಿಮರಲ್ಲೂ ಇವೆ, ಮನೆ ಹೆಸರು ನೋಡಿ ಧರ್ಮ ಹೇಳೋಕೆ ಹೋದ್ರೆ ಪೇಚಿಗೆ ಬೀಳ್ತೀರ.

ಕನ್ನಡದ್ದೇ ಒಂದು ಉಪಭಾಷೆಯಾದ ಅರೆಭಾಷೆ ಆಡೋ ಗೌಡರದ್ದು ಇನ್ನೊಂದು ಬಗೆ. 1837ರ ಅಮರ ಸುಳ್ಯ ದಂಗೆಯಲ್ಲಿ ಬ್ರಿಟಿಷರು ಮಡಿಕೇರಿ ಕೋಟೆ ಹತ್ರ ಗಲ್ಲಿಗೇರಿಸಿದ್ದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನ. ಗುಡ್ಡೆಮನೆ, ಗುಡ್ಡದ ಮೇಲಿನ ಮನೆ, ಇದಕ್ಕೆ ಡಿಕ್ಷನರಿ ಬೇಡ. ಅದೇ ದಂಗೆಯ ಕೆದಂಬಾಡಿ ರಾಮಯ್ಯ ಗೌಡರ ಮನೆ ಹೆಸರು ನೋಡಿದ್ರೆ ಪುತ್ತೂರು ಕಡೆ ಕೆದಂಬಾಡಿ ಅನ್ನೋ ಊರೇ ಇದೆ. ಇನ್ನು ಕುಂಬುಗೌಡನ ಅನ್ನೋ ಮನೆ ಹೆಸರಂತೂ ನೇರವಾಗಿ ಷಷ್ಠಿಯಲ್ಲೇ ನಿಂತಿದೆ, 'ಅಂಡ'ಕ್ಕೆ ಕನ್ನಡದ ತಮ್ಮನ ಹಾಗೆ. ಅಂದ್ರೆ ಒಂದೇ ಜಿಲ್ಲೆಯೊಳಗೆ ಅಜ್ಜನ ಹೆಸರು, ಊರಿನ ಹೆಸರು, ಮನೆ ಇದ್ದ ಜಾಗ ಎಲ್ಲವೂ ಮನೆ ಹೆಸರಾಗಿದೆ. ನಮ್ಮ ಶನಿವಾರಸಂತೆ ಕಡೆ? ಊರು, ಅಪ್ಪ, ನಾನು, ಎರಡು ಇನಿಶಿಯಲ್, ಮುಗೀತು.

ಹಾಕಿ ಮೈದಾನದಲ್ಲಿ ಮನೆ ಹೆಸರು

ಕೊಡಗಿನ ಹೊರಗಿನವರಿಗೆ ಈ ಹೆಸರುಗಳು ಕಿವಿಗೆ ಬಿದ್ದದ್ದು ಹೆಚ್ಚಾಗಿ ಹಾಕಿಯಿಂದ. 1997ರಲ್ಲಿ ಕರಡ ಅನ್ನೋ ಊರಲ್ಲಿ ಪಾಂಡಂಡ ಕುಟ್ಟಪ್ಪನವರು ಒಕ್ಕ ಒಕ್ಕಗಳ ನಡುವೆ ಹಾಕಿ ಆಡಿಸಿದ್ರು, 60 ತಂಡ ಬಂದಿತ್ತು. ತಂಡ ಅಂದ್ರೆ ಇಡೀ ತಂಡ ಒಂದೇ ಮನೆ ಹೆಸರಿನವರು. ಮರುವರ್ಷದಿಂದ ಒಂದೊಂದು ವರ್ಷ ಒಂದೊಂದು ಒಕ್ಕ ಅದನ್ನ ನಡೆಸಿಕೊಂಡು ಬಂತು, ನಡೆಸಿದ ಒಕ್ಕದ ಹೆಸರೇ ಕಪ್‌ಗೆ. 2023ರ ಅಪ್ಪಚೆಟ್ಟೋಳಂಡ ಕಪ್‌ಗೆ 336 ತಂಡ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360, ಅದು ಗಿನ್ನೆಸ್ ದಾಖಲೆಗೂ ಹೋಯ್ತು, 2025ರಲ್ಲಿ ಮಡಿಕೇರಿಯಲ್ಲಿ ನಡೆದ 25ನೇ ಪಂದ್ಯಾವಳಿ ಮುದ್ದಂಡ ಕಪ್‌ಗೆ 396.

ಇದರಿಂದ ಹೆಸರಿಗೆ ಏನಾಯ್ತು ಅಂದ್ರೆ, ಇನಿಶಿಯಲ್ ಆಗಿ ಮುದುಡಿ ಕೂತಿದ್ದದ್ದು ಜೆರ್ಸಿ ಬೆನ್ನ ಮೇಲೆ ಪೂರ್ತಿಯಾಗಿ ಬಂತು. ಮೈಕಲ್ಲಿ ದಿನವಿಡೀ ಅದನ್ನೇ ಕೂಗ್ತಾರೆ. ಏಪ್ರಿಲ್ ತಿಂಗಳಲ್ಲಿ ಅಂಗಡಿಗೆ ಬರೋ ಹುಡುಗರು ಜೆರ್ಸಿ ಪ್ರಿಂಟಿಗೆ ಹೆಸರು ಟೈಪ್ ಮಾಡಿಸ್ಕೊಳ್ಳೋಕೆ ಬಂದಾಗ ಸ್ಪೆಲಿಂಗ್ ಬಗ್ಗೆ ಮನೆಗೆ ಫೋನ್ ಮಾಡಿ ಕೇಳ್ತಾರೆ, ಹತ್ತು ವರ್ಷದ ಹಿಂದೆ ಈ ತಲೆಬಿಸಿ ಯಾರಿಗೂ ಇರಲಿಲ್ಲ. ಗೌಡ ಕುಟುಂಬಗಳು ಇದೇ ಮಾದರಿಯಲ್ಲಿ ಕ್ರಿಕೆಟ್ ಆಡ್ತವೆ.

ಸರಿ, ಫಾರಂನಲ್ಲಿ ಏನ್ ಬರೀಬೇಕು

ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಿವನ್ ನೇಮ್ ಅನ್ನೋದು ಕಡ್ಡಾಯ, ಸರ್‌ನೇಮ್ ಖಾಲಿ ಬಿಟ್ರೂ ನಡೆಯುತ್ತೆ. ಆದ್ರೆ ನಡೆಯುತ್ತೆ ಅಂತ ಬಿಟ್ಟವರು ಆಮೇಲೆ ಪರದಾಡ್ತಾರೆ. ಅಮೆರಿಕ ವೀಸಾದಲ್ಲಿ ಒಂದೇ ಹೆಸರಿದ್ರೆ ಅದನ್ನ ಸರ್‌ನೇಮ್ ಜಾಗಕ್ಕೆ ಹಾಕಿ, ಇಟ್ಟ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚು ಹಾಕ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಯುಎಇಯವರು 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಲ್ಲಿ ಒಂದೇ ಹೆಸರಿರೋರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದ್ರು, ಆಮೇಲೆ ತಂದೆ ಹೆಸರು ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿದ್ರೆ ಆಗುತ್ತೆ ಅಂತ ಸಡಿಲ ಮಾಡಿದ್ರು. ಪ್ಯಾನ್ ಕಾರ್ಡಲ್ಲಿ ಇನ್ನೊಂದು ಥರ, ಅಲ್ಲಿ ಲಾಸ್ಟ್ ನೇಮ್ ಕಡ್ಡಾಯ, ಇನಿಶಿಯಲ್ ಒಪ್ಪಲ್ಲ.

ಹಾಗಾಗಿ ಮನೆ ಹೆಸರನ್ನ ಸರ್‌ನೇಮ್ ಜಾಗದಲ್ಲಿ ಹಾಕಿದ್ರೆ ಅರ್ಥಕ್ಕೆ ಸರಿ, ಆದ್ರೆ ಪ್ರಿಂಟ್ ಆಗೋವಾಗ ಅದು ಕೊನೆಗೆ ಹೋಗಬಹುದು. ಅಪ್ಪನ ಹೆಸರು ಹಾಕಿದ್ರೆ ಬೋಪಣ್ಣನವರ ಸ್ಕೋರ್‌ಬೋರ್ಡ್ ಥರ ಆಗುತ್ತೆ, ಒಂದೇ ಮನೆಯ ಅಜ್ಜ, ಮಗ, ಮೊಮ್ಮಗನಿಗೆ ಮೂರು ಸರ್‌ನೇಮ್. ಯಾವುದೇ ಹಾಕಿ, ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಒಂದೇ ಇರಲಿ. ಮಗುವಿನ ಜನನ ಪ್ರಮಾಣಪತ್ರದಲ್ಲೇ ಮನೆ ಹೆಸರು ಪೂರ್ತಿ ಬರೆಸಿಬಿಟ್ರೆ ಮುಂದಿನ ಅರ್ಧ ತಾಪತ್ರಯ ಅಲ್ಲೇ ತೀರುತ್ತೆ.

ಸ್ಪೆಲಿಂಗ್ ಒಂದು ಪ್ರತ್ಯೇಕ ಗೋಳು. ಕನ್ನಡದ 'ಂಡ'ಕ್ಕೆ ಇಂಗ್ಲಿಷಲ್ಲಿ ಒಬ್ಬರು ಹಾಕೋದು ಬರೀ 'ಡಿ', ಇನ್ನೊಬ್ಬರು 'ಡಿ' ಜೊತೆ 'ಎಚ್' ಸೇರಿಸ್ತಾರೆ, 'ಏರ'ಕ್ಕೆ ಒಂದು 'ಇ', ಎರಡು 'ಇ'. ಅಣ್ಣತಮ್ಮಂದಿರದ್ದೇ ಬೇರೆ ಬೇರೆ ಇರುತ್ತೆ. ನಾನೇ ಒಂದ್ಸಲ ಒಬ್ಬರ ಮನೆ ಹೆಸರಲ್ಲಿ ಒಂದು 'ಎನ್' ನುಂಗಿಬಿಟ್ಟು, ಅದನ್ನ ಸರಿಮಾಡ್ಸೋಕೆ ಅವರು ಮೂರು ಸಲ ಮೈಸೂರಿಗೆ ಓಡಾಡಿದ್ರು. ಬಸ್ ಚಾರ್ಜ್ ನಾನೇ ಕೊಟ್ಟೆ.

ಅವತ್ತು ಹವಾಲ್ದಾರ್ ಮೊಮ್ಮಗಳ ಅರ್ಜಿಗೆ ಕೊನೆಗೆ ಮನೆ ಹೆಸರೇ ಸರ್‌ನೇಮ್ ಅಂತ ಆಯ್ತು, ಹುಡುಗಿ ಒಪ್ಪಿದ್ಲು, ಆದ್ರೆ ಅದಕ್ಕೂ ಮೊದಲು ಆಧಾರ್ ತಿದ್ದಿಸ್ಬೇಕು ಅಂದಾಗ ಇಬ್ಬರ ಮುಖನೂ ಸಪ್ಪೆ. ಆಧಾರ್ ತಿದ್ದುಪಡಿ ಅರ್ಜಿ ಟೈಪ್ ಮಾಡಿ, ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಅಜ್ಜ ಕನ್ನಡಕ ಹಾಕ್ಕೊಂಡು, ಬೆರಳು ಸ್ಕ್ರೀನಿಗೆ ಮುಟ್ಟಿಸಿ, ಒಂದೊಂದೇ ಅಕ್ಷರ ಜೋರಾಗಿ ಓದಿದ್ರು, ಪೆರೇಡಲ್ಲಿ ಹಾಜರಿ ಕೂಗೋ ಹಾಗೆ. ಐದನೇ ಅಕ್ಷರಕ್ಕೆ ನಿಲ್ಲಿಸಿ "ಇಲ್ಲೊಂದು 'ಎ' ಜಾಸ್ತಿ ಇದೆ, ತೆಗೀರಿ" ಅಂದ್ರು. ತೆಗೆದೆ. ಮತ್ತೆ ಮೊದಲಿಂದ ಓದಿದ್ರು.